ಕುರ್ಚಿ ರೆಡಿ, ಕೂರೋರು ಬೇಕಾಗಿದ್ದಾರೆ

ಧಾರವಾಡದಲ್ಲಿ ನಮ್ಮ ಮನೆ ಹತ್ತಿರ ಒಂದು ಕಲ್ಯಾಣ ಮಂಟಪ ಇತ್ತು. ಮದುವೆಗಳೆಲ್ಲ ಬೈಪಾಸ್ ಪಕ್ಕದ ದೊಡ್ಡ ಹಾಲ್‌ಗಳಿಗೆ ಹೋದವು. ಮಾಲೀಕರು ಎರಡು ವರ್ಷ ಬೀಗ ಹಾಕಿಟ್ಟರು. ಆಮೇಲೆ ಒಂದು ದಿನ ಊಟದ ಹಾಲ್‌ಗೆ ಗಾಜಿನ ಗೋಡೆ ಹಾಕಿಸಿ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ, ‘ಕೋವರ್ಕಿಂಗ್ ಸ್ಪೇಸ್’ ಅಂತ ಬೋರ್ಡ್ ಹಾಕಿದರು. ಅಂದರೆ ಬೇರೆ ಬೇರೆ ಕೆಲಸದವರು ಬಾಡಿಗೆ ಕೊಟ್ಟು ಒಂದೇ ಕಡೆ ಕೂತು ಕೆಲಸ ಮಾಡುವ ಆಫೀಸು. ಮದುವೆ ಊಟದ ಸಾರಿನ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಲಿಲ್ಲ. ಮಧ್ಯಾಹ್ನ ಬಿಸಿಲೇರಿದರೆ ಸಾಕು, ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಕಾರಣವಿಲ್ಲದೆ ಹಸಿವಾಗುತ್ತಿತ್ತು.

ಉದ್ಘಾಟನೆಗೆ ನಾನೂ ಹೋಗಿದ್ದೆ, ಪೇಡೆ ಸಿಗುತ್ತದೆ ಅಂತ. ಮುಖ್ಯ ಅತಿಥಿಗಳು ಧಾರವಾಡ ಮುಂದಿನ ಸಿಲಿಕಾನ್ ವ್ಯಾಲಿ ಆಗುತ್ತದೆ ಅಂದರು. ಇದೇ ಮಾತನ್ನು ಅವರು ಹಿಂದಿನ ವಾರ ಬೇರೆ ಊರಲ್ಲೂ ಹೇಳಿರಬಹುದು, ನಮಗೇನು, ಚಪ್ಪಾಳೆ ತಟ್ಟಿದೆವು. ಭಾಷಣ ಮುಗಿಸಿ ಅವರು ಫೋಟೊಗೆ ಅಂತ ಬೀನ್‌ಬ್ಯಾಗ್ ಮೇಲೆ ಕೂತರು. ಕೂತರು ಅನ್ನುವುದಕ್ಕಿಂತ ಮುಳುಗಿದರು. ಅರವತ್ತು ದಾಟಿದ ದೇಹ, ಬಿಳಿ ಪಂಚೆ, ಕೊರಳಲ್ಲಿ ಏಲಕ್ಕಿ ಹಾರ. ಏಳುವುದಕ್ಕೆ ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ. ಕೊನೆಗೆ ಇಬ್ಬರು ಕೈ ಹಿಡಿದು ಎಳೆದರು, ಒಬ್ಬ ಹಿಂದಿನಿಂದ ನೂಕಿದ. ಆ ಜಾಗದಲ್ಲಿ ನಾಲ್ಕು ಜನ ಕೂಡಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಅನುವಾದಕ. ಔಷಧದ ಡಬ್ಬಿ, ಮಿಕ್ಸಿ, ಬ್ಯಾಂಕ್ ಫಾರ್ಮ್ ಇವುಗಳ ಮೇಲಿನ ಇಂಗ್ಲಿಷನ್ನು ಕನ್ನಡ ಮಾಡಿಕೊಡುವವನು. ಮನೆಯಲ್ಲಿ ಎದುರು ಮನೆಯವರ ಬೋರ್‌ವೆಲ್ ಸದ್ದು ಜಾಸ್ತಿ ಆಗಿತ್ತು. ತಿಂಗಳಿಗೆ 3,500 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ ಕೊಟ್ಟು ಒಂದು ‘ಹಾಟ್ ಡೆಸ್ಕ್’ ಹಿಡಿದೆ. ಹಾಟ್ ಡೆಸ್ಕ್ ಅಂದರೆ ಇವತ್ತು ಕೂತ ಜಾಗ ನಾಳೆ ನಿಮ್ಮದಲ್ಲ. ದಿನಾ ಒಂದೇ ಕಡೆ ಕೂರಬೇಕು ಅಂದರೆ ಅದಕ್ಕೆ ‘ಡೆಡಿಕೇಟೆಡ್ ಡೆಸ್ಕ್’ ಅಂತ ಹೆಸರು, 2,000 ಜಾಸ್ತಿ. ಇದ್ದದ್ದು ನಲವತ್ತು ಕುರ್ಚಿ, ಬರುತ್ತಿದ್ದದ್ದು ಆರು ಜನ. ಆ ಆರು ಜನರೂ ದಿನಾ ಜಾಗ ಬದಲಾಯಿಸಬೇಕಂತೆ, ಹಾಗಾದರೆ ಒಬ್ಬರಿಗೊಬ್ಬರು ಪರಿಚಯ ಆಗುತ್ತಾರಂತೆ. ನನ್ನ ಪಕ್ಕದವನ ಪರಿಚಯ ಆಗಿದ್ದು ಬಚ್ಚಲು ಮನೆಯಲ್ಲಿ, ನೀರು ಬಾರದ ದಿನ.

ಮೂಲೆಯಲ್ಲೊಂದು ‘ಫೋನ್ ಬೂತ್’ ಇತ್ತು. ಗಾಜಿನ ಪೆಟ್ಟಿಗೆ, ಒಳಗೆ ಸ್ಟೂಲು. ನಮ್ಮ ಕಾಲದ ಎಸ್‌ಟಿಡಿ ಬೂತ್ ನೆನಪಾಗಿ ಖುಷಿಯಾಯಿತು. ಒಂದೇ ವ್ಯತ್ಯಾಸ, ಆ ಬೂತ್‌ನಲ್ಲಿ ಫೋನ್ ಹತ್ತುತ್ತಿತ್ತು. ಈ ಪೆಟ್ಟಿಗೆಯೊಳಗೆ ನೆಟ್‌ವರ್ಕ್ ಇಲ್ಲ. ಬಾಗಿಲು ತೆರೆದಿಟ್ಟು, ಕತ್ತು ಹೊರಗೆ ಚಾಚಿ, ಇಡೀ ಹಾಲ್‌ಗೆ ಕೇಳುವಂತೆ ಮಾತಾಡಬೇಕು. ಮನೆ ಲೋನ್ ಯಾರದು ಎಷ್ಟು ಕಂತು ಬಾಕಿ ಅಂತ ಎಲ್ಲರಿಗೂ ಗೊತ್ತಾಯಿತು. ಇದಕ್ಕೇ ಇರಬೇಕು ಟ್ರಾನ್ಸ್‌ಪರೆನ್ಸಿ ಅನ್ನುವುದು.

ಎರಡನೇ ತಿಂಗಳು ಗೋಡೆ ಮೇಲೆ ‘ನಮ್ಮ ಸ್ಟಾರ್ಟ್‌ಅಪ್‌ಗಳು’ ಅಂತ ಒಂದು ಪಟ್ಟಿ ಬಂತು. ನೋಡಿದರೆ ಅದರಲ್ಲಿ ನಾನೂ ಇದ್ದೇನೆ! ನನ್ನ ಹೆಸರಿನ ಮುಂದೆ ‘ಲ್ಯಾಂಗ್ವೇಜ್ ಟೆಕ್’ ಅಂತ ಬರೆದಿದ್ದರು. ನಾನು ಕಂಪನಿಯಲ್ಲ, ನನ್ನ ಹತ್ತಿರ ಇರುವುದು ಒಂದು ಪ್ಯಾನ್ ಕಾರ್ಡು ಮತ್ತು ಎರಡು ನಿಘಂಟು ಅಂತ ಮ್ಯಾನೇಜರಿಗೆ ಹೇಳಿದೆ. ಕಾನೂನಿನ ಪ್ರಕಾರ ಒಬ್ಬನೇ ಮಾಲೀಕ ಇರುವ ಅಂಗಡಿ ಸ್ಟಾರ್ಟ್‌ಅಪ್ ಅಲ್ಲ, ಪ್ರೈವೇಟ್ ಲಿಮಿಟೆಡ್ಡೋ ಪಾಲುದಾರಿಕೆಯೋ ಏನಾದರೂ ಒಂದು ಆಗಿರಬೇಕು. ಮ್ಯಾನೇಜರ್ ನಕ್ಕ. ‘ಇರ್ಲಿ ಬಿಡ್ರಿ ಸರ್, ಮ್ಯಾಲಿನವರಿಗೆ ನಂಬರ್ ತೋರಸ್ಬೇಕು’ ಅಂದ.

ನಂಬರಿನ ಕಥೆ ದೊಡ್ಡದು. ನಮ್ಮ ರಾಜ್ಯದ 2025-30ರ ಸ್ಟಾರ್ಟ್‌ಅಪ್ ನೀತಿ 5 ವರ್ಷದಲ್ಲಿ 25,000 ಸ್ಟಾರ್ಟ್‌ಅಪ್ ಅನ್ನುತ್ತದೆ. ಅದರಲ್ಲಿ 10,000 ಬೆಂಗಳೂರಿನ ಹೊರಗೆ ಹುಟ್ಟಬೇಕು. ಹೆರಿಗೆ ಆಸ್ಪತ್ರೆಗೂ ಇಷ್ಟು ಧೈರ್ಯದ ಗುರಿ ಇರುವುದಿಲ್ಲ. ಸುಮ್ನೆ ಕೂತು ಲೆಕ್ಕ ಹಾಕಿದೆ. ಭಾನುವಾರ, ಯುಗಾದಿ, ಗಣೇಶನ ಹಬ್ಬ ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ ಐದೂವರೆ ಸ್ಟಾರ್ಟ್‌ಅಪ್ ಬೆಂಗಳೂರಿನ ಆಚೆ ಕಣ್ಣು ಬಿಡಬೇಕು. ಆ ಐದು ಯಾರೋ ಗೊತ್ತಿಲ್ಲ. ಅರ್ಧ ಮಾತ್ರ ನಾನೇ.

ಶುಕ್ರವಾರ ಸಂಜೆ ಕಮ್ಯುನಿಟಿ ಮೀಟ್ ಇರುತ್ತಿತ್ತು. ಗಿರ್ಮಿಟ್, ಮಿರ್ಚಿ ಭಜಿ, ಚಾ. ಅದಕ್ಕೆ ಮಾತ್ರ ಮೂವತ್ತು ಜನ ಬರುತ್ತಿದ್ದರು. ಎಲ್ಲರ ಕೈಯಲ್ಲೂ ವಿಸಿಟಿಂಗ್ ಕಾರ್ಡು. ಮೊದಲ ಮೀಟ್‌ನಲ್ಲಿ ನನಗೆ ಸಿಕ್ಕ ಕಾರ್ಡುಗಳನ್ನು ಮನೆಗೆ ಬಂದು ಜೋಡಿಸಿಟ್ಟೆ: ಡಿಜಿಟಲ್ ಮಾರ್ಕೆಟಿಂಗ್ ಐದು, ಇನ್ಶೂರೆನ್ಸ್ ಮೂರು, ಆಡಿಟರ್ ಎರಡು, ಲೈಫ್ ಕೋಚ್ ಒಂದು, ಸ್ಟಾರ್ಟ್‌ಅಪ್ ಮೂರು, ಮತ್ತು ಮೆಂಟರ್, ಅಂದರೆ ದಾರಿ ತೋರಿಸುವ ಗುರುಗಳು, ಒಂಬತ್ತು. ಸ್ಟಾರ್ಟ್‌ಅಪ್ ಮೂರು, ಮೆಂಟರ್ ಒಂಬತ್ತು! ಒಂದು ಎಮ್ಮೆಗೆ ಮೂರು ಜನ ಗೌಳಿಗರು ಅಂದ ಹಾಗಾಯಿತು, ಎಮ್ಮೆ ಇನ್ನೂ ಕರು ಹಾಕಿಲ್ಲ ಬೇರೆ. ಮೆಂಟರ್‌ಗಳಲ್ಲಿ ಬಹಳ ಜನ ತಾವು ಯಾವ ವ್ಯಾಪಾರವನ್ನೂ ಮಾಡಿದವರಲ್ಲ. ‘ಫೇಲ್ ಫಾಸ್ಟ್’ ಅಂತ ಹೇಳುತ್ತಿದ್ದವರೊಬ್ಬರು ಪಿಂಚಣಿ ಬರುವ ನೌಕರಿಯಲ್ಲಿ ಮೂವತ್ತೆರಡು ವರ್ಷ ಇದ್ದವರು. ಅಷ್ಟು ನಿಧಾನವಾಗಿ ಪಾಸಾದವರು ನಮಗೆ ಬೇಗ ಫೇಲಾಗುವುದನ್ನು ಕಲಿಸುತ್ತಿದ್ದರು.

ಆ ಮೂರು ಸ್ಟಾರ್ಟ್‌ಅಪ್‌ಗಳಲ್ಲಿ ಒಂದು ನಿಜವಾದದ್ದು. ಕುಂದಗೋಳ ಕಡೆಯ ಹುಡುಗ, ಇಂಜಿನಿಯರಿಂಗ್ ಮುಗಿಸಿದವನು. ಮೆಣಸಿನಕಾಯಿ ಬೆಳೆಗಾರರಿಗೆ ಆ್ಯಪ್ ಮಾಡಿದ್ದ. ದಲ್ಲಾಳಿ ಇಲ್ಲದೆ ನೇರ ಖರೀದಿದಾರನಿಗೆ ಮಾರಬಹುದು ಅನ್ನುವ ಐಡಿಯಾ. ಒಂಬತ್ತೂ ಮೆಂಟರ್‌ಗಳು ಅವನನ್ನು ಹಿಡಿದುಕೊಂಡರು. ಒಬ್ಬರು ಲೋಗೊ ಬದಲಾಯಿಸು ಅಂದರು, ಒಬ್ಬರು ಎಐ ಹಾಕು ಅಂದರು, ಒಬ್ಬರು ಡೆಕ್‌ನಲ್ಲಿ, ಅಂದರೆ ದುಡ್ಡು ಹಾಕುವವರಿಗೆ ತೋರಿಸುವ ಸ್ಲೈಡುಗಳಲ್ಲಿ, ಮೆಣಸಿನಕಾಯಿ ಫೋಟೊ ದೊಡ್ಡದು ಮಾಡು ಅಂದರು. ಒಂದು ಶುಕ್ರವಾರ ನಾನು ಅವನನ್ನು ಕೇಳಿದೆ, ‘ನಿಮ್ಮಪ್ಪನೂ ಮೆಣಸಿನಕಾಯಿ ಬೆಳೀತಾರಲ್ಲ, ಅವರು ಆ್ಯಪ್‌ನಾಗ ಮಾರಿದರೇನು?’ ಹುಡುಗ ಭಜಿ ನೋಡುತ್ತ ಹೇಳಿದ: ‘ಇಲ್ರೀ ಸರ್. ಬಿತ್ತುವಾಗ ರೊಕ್ಕ ಕೊಡೋದು ದಲ್ಲಾಳಿ. ಅಕ್ಕನ ಮದುವಿಗೂ ಅವರ ಕೊಟ್ಟಾರ. ಆ್ಯಪ್ ರೊಕ್ಕ ಕೊಡ್ತೈತೇನ್ರಿ?’ ಇಡೀ ವರ್ಷದಲ್ಲಿ ಆ ಹಾಲ್‌ನಲ್ಲಿ ವ್ಯಾಪಾರದ ಬಗ್ಗೆ ಯಾರಾದರೂ ಆಡಿದ ನಿಜವಾದ ಮಾತು ಅದು. ಮೆಂಟರ್‌ಗಳು ಯಾರೂ ಕೇಳಿಸಿಕೊಳ್ಳಲಿಲ್ಲ, ಗ್ರೂಪ್ ಫೋಟೊಗೆ ನಿಂತಿದ್ದರು.

ಹಾಗಾದರೆ ಈ ಜಾಗ ನಡೆಯುತ್ತಿದ್ದದ್ದು ಹೇಗೆ? ಕುರ್ಚಿಯಿಂದ ಅಲ್ಲ, ವಿಳಾಸದಿಂದ. ‘ವರ್ಚುವಲ್ ಆಫೀಸ್’ ಅನ್ನುವ ಒಂದು ಸರಕು ಇದೆ. ಕಂಪನಿ ನೋಂದಣಿಗೂ ಜಿಎಸ್‌ಟಿಗೂ ಒಂದು ವಿಳಾಸ ಬೇಕಲ್ಲ, ಅದನ್ನು ಬಾಡಿಗೆಗೆ ಕೊಡುವುದು. ನೀವು ಬರಬೇಕಾಗಿಲ್ಲ, ಕೂರಬೇಕಾಗಿಲ್ಲ, ಊರು ಎಲ್ಲಿದೆ ಅಂತ ಗೊತ್ತಿರಬೇಕಾಗಿಯೂ ಇಲ್ಲ. ನಮ್ಮ ಊಟದ ಹಾಲ್‌ನಲ್ಲಿ ಹೀಗೆ ಐವತ್ತಕ್ಕೂ ಜಾಸ್ತಿ ಕಂಪನಿಗಳು ವಾಸವಾಗಿದ್ದವು. ಜನ ಆರು, ಕುರ್ಚಿ ನಲವತ್ತು, ಕಂಪನಿ ಐವತ್ತು. ಮದುವೆಗಳ ಕಾಲದಲ್ಲೂ ಆ ಹಾಲ್‌ನಲ್ಲಿ ಇಷ್ಟು ಪಂಕ್ತಿ ಕೂತಿರಲಿಲ್ಲ.

ಒಂದು ಬೆಳಿಗ್ಗೆ ಜಿಎಸ್‌ಟಿ ಅಧಿಕಾರಿಯೊಬ್ಬರು ಸ್ಥಳ ಪರಿಶೀಲನೆಗೆ ಬಂದರು. ಯಾವುದೋ ಎಕ್ಸ್‌ಪೋರ್ಟ್ಸ್ ಹೆಸರು ಹೇಳಿದರು. ಆಫೀಸ್ ಹುಡುಗ ಗಾಬರಿಯಾಗಲಿಲ್ಲ. ಡ್ರಾಯರ್‌ನಿಂದ ಒಂದು ಫೈಲ್ ತೆಗೆದ, ಎ4 ಹಾಳೆಗಳನ್ನು ಎಂಟ್ರೆನ್ಸ್ ಟಿಕೆಟ್ ಎಣಿಸುವ ಹಾಗೆ ಸರಸರ ತಿರುವಿದ, ಆ ಕಂಪನಿಯ ಹೆಸರಿದ್ದ ಹಾಳೆ ತೆಗೆದು ಗಾಜಿಗೆ ಟೇಪ್ ಹಚ್ಚಿದ. ಹಿಂದಿನ ವಾರದ ಯಾರದೋ ‘ಆಗ್ರೊ’ ಹಾಳೆಯ ಟೇಪು ಇನ್ನೂ ಅಲ್ಲೇ ಅಂಟಿತ್ತು. ಅಧಿಕಾರಿ ಫೋಟೊ ತೆಗೆದುಕೊಂಡರು. ‘ಇವರ ಟೇಬಲ್ ಯಾವುದು?’ ಅಂದರು. ಹುಡುಗ ಕೈ ತೋರಿಸಿದ್ದು ನನ್ನ ಕಡೆ. ನಾನು ಆಗ ಕೆಮ್ಮಿನ ಔಷಧದ ಲೇಬಲ್ ಅನುವಾದ ಮಾಡುತ್ತಿದ್ದೆ. ‘ಏನ್ ಎಕ್ಸ್‌ಪೋರ್ಟ್ ಮಾಡ್ತೀರಿ?’ ಅಂತ ಕೇಳಿದರು. ‘ಕೆಮ್ಮು’ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗ ಚಾ ತಂದ.

ಇದೆಲ್ಲ ನಮ್ಮ ಊರಿನ ಸಣ್ಣತನ ಅಂತ ತಿಳಿಯಬೇಡಿ. ಕೋವರ್ಕಿಂಗ್ ಅನ್ನುವುದು 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಾಡ್ ನ್ಯೂಬರ್ಗ್ ಅನ್ನುವವರು ಶುರು ಮಾಡಿದ್ದು. ಅಲ್ಲೂ ಮೊದಲ ತಿಂಗಳು ಯಾರೂ ಬರಲಿಲ್ಲವಂತೆ. ಅದು ಪಾಪ, ಪ್ರಾಮಾಣಿಕ ಖಾಲಿತನ. ಆಮೇಲೆ ಬಂದ ನ್ಯೂಯಾರ್ಕಿನ ಕೋವರ್ಕಿಂಗ್ ಕಂಪನಿ ವೀವರ್ಕ್ ಆ ಖಾಲಿತನಕ್ಕೂ ಬೆಲೆ ಕಟ್ಟಿತು. 2019ರಲ್ಲಿ ಅದರ ಬೆಲೆ 4,700 ಕೋಟಿ ಡಾಲರ್ ಅಂದರು. 2023ರ ನವೆಂಬರಿನಲ್ಲಿ ಅಮೆರಿಕದ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನನಗೆ ಬಹಳ ಇಷ್ಟವಾದದ್ದು ಅವರ ಲೆಕ್ಕದ ಪುಸ್ತಕ. 2017ರಲ್ಲಿ ಕಂಪನಿಗೆ 93 ಕೋಟಿ ಡಾಲರ್ ನಷ್ಟ. ಅದೇ ವರ್ಷಕ್ಕೆ ಅವರು ಇನ್ನೊಂದು ಲೆಕ್ಕ ತೋರಿಸಿದರು, ಅದರ ಹೆಸರು ‘ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್ಡಾ’. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ. ಜಾಹೀರಾತಿನ ಖರ್ಚು, ಆಡಳಿತದ ಖರ್ಚು, ಡಿಸೈನ್ ಖರ್ಚು ಇವನ್ನೆಲ್ಲ ಪಕ್ಕಕ್ಕಿಟ್ಟರೆ 23 ಕೋಟಿ ಡಾಲರ್ ಮಿಗುತ್ತದೆ! ಊಟದ ಖರ್ಚು, ಮನೆ ಬಾಡಿಗೆ, ಮಗನ ಫೀಜು ಪಕ್ಕಕ್ಕಿಟ್ಟರೆ ನಾನೂ ಶ್ರೀಮಂತನೇ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ನಮ್ಮ ಮಾತನ್ನು ನ್ಯೂಯಾರ್ಕಿನವರು ಬ್ಯಾಲೆನ್ಸ್ ಶೀಟಿಗೆ ಹಾಕಿದ್ದು ನೋಡಿ ಎದೆ ಉಬ್ಬಿತು.

ಧಾರವಾಡಕ್ಕೆ ಈ ಕಮ್ಯುನಿಟಿ ಅನ್ನುವುದು ಹೊಸದೂ ಅಲ್ಲ. ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಓದುಗರಿಂದ ಚಂದಾ ತಗೊಂಡು ಪುಸ್ತಕ ಕೊಡುತ್ತಿದ್ದರು. ಇವತ್ತಾದರೆ ಇದಕ್ಕೆ ಸಬ್‌ಸ್ಕ್ರಿಪ್ಷನ್ ಮಾಡೆಲ್ ಅಂತ ಡೆಕ್‌ನಲ್ಲಿ ಒಂದು ಸ್ಲೈಡು. ಆ ಅಟ್ಟಕ್ಕೆ ಬೇಂದ್ರೆ ಬರುತ್ತಿದ್ದರು, ವಿಮರ್ಶಕ ಕುರ್ತಕೋಟಿ ಇರುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ಅಚ್ಚಾಗಿದ್ದು ಅಲ್ಲಿಂದಲೇ. ಜನ ಬಂದದ್ದು ಅಟ್ಟ ಚೆನ್ನಾಗಿದೆ ಅಂತ ಅಲ್ಲ. ಅಲ್ಲಿ ಬಂದವರು ಮೊದಲು, ಅಟ್ಟಕ್ಕೆ ಹೆಸರು ಬಂದದ್ದು ಆಮೇಲೆ. ನಮ್ಮ ಕಲ್ಯಾಣ ಮಂಟಪದವರದು ಕೂಸು ಹುಟ್ಟುವ ಮುಂಚೆ ಕುಲಾವಿ. ಅದೂ ನಲವತ್ತು ಕುಲಾವಿ, ಜೊತೆಗೆ ಆರು ಬೀನ್‌ಬ್ಯಾಗು.

ಅಟ್ಟವೂ ಇಲ್ಲದೆ ಶುರುವಾದದ್ದೂ ಇದೆ. ವಿಆರ್‌ಎಲ್ ಲಾರಿಗಳ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು. ಅವರ ಡೆಸ್ಕ್ ಮಾತ್ರ ನಿಜವಾಗಿಯೂ ಹಾಟ್ ಆಗಿದ್ದಿರಬೇಕು, ಇಂಜಿನ್ ಪಕ್ಕದ ಸೀಟು.

ಈಚೆಗೆ ಎರಡು ತಿಂಗಳು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದು ವಾಪಸ್ ಬಂದೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟಾಗ ನೋಡಿದರೆ ಕೋವರ್ಕಿಂಗ್ ಮುಂದೆ ಸೈಕಲ್ಲು, ಸ್ಕೂಟರು, ಚಪ್ಪಲಿ ರಾಶಿ. ದೀಪ ಉರಿಯುತ್ತಿದೆ. ನಲವತ್ತೂ ಕುರ್ಚಿ ತುಂಬಿವೆ! ನಲವತ್ತಲ್ಲ, ಬೀನ್‌ಬ್ಯಾಗ್ ತೆಗೆದು ಇನ್ನೂ ಮೂವತ್ತು ಹಾಕಿದ್ದಾರೆ. ಅಂತೂ ಊರಿಗೆ ಸ್ಟಾರ್ಟ್‌ಅಪ್ ಬಂತು ಅಂತ ಕಣ್ಣು ತುಂಬಿ ಬಂತು.

ಹತ್ತಿರ ಹೋದೆ. ಬೋರ್ಡು ಬದಲಾಗಿತ್ತು. ‘ರೀಡಿಂಗ್ ರೂಮ್. ಕೆಎಎಸ್, ಪಿಎಸ್‌ಐ, ಎಫ್‌ಡಿಎ. 24 ಗಂಟೆ. ತಿಂಗಳಿಗೆ ರೂ. 700.’ ಸಪ್ತಾಪುರ ಬಡಾವಣೆಯಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗೆ ಕೋಚಿಂಗ್ ತಗೊಳ್ಳುವ ಹುಡುಗರಿಗೆ ಓದೋಕೆ ಜಾಗ ಸಾಲುತ್ತಿಲ್ಲವಂತೆ. ಗಾಜಿನ ಮೇಲೆ ದೊಡ್ಡದಾಗಿ ಬರೆದಿದ್ದ ‘ಡಿಸ್ರಪ್ಟ್’ ಹಾಗೇ ಇತ್ತು. ಅದರ ಕೆಳಗೆ ಯಾರೋ ಕರ್ನಾಟಕದ ನದಿಗಳ ಪಟ್ಟಿ ಅಂಟಿಸಿದ್ದರು. ಫೋನ್ ಬೂತ್‌ನೊಳಗೆ ಒಬ್ಬಳು ಹುಡುಗಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಆ ಪೆಟ್ಟಿಗೆ ಕಡೆಗೂ ಉಪಯೋಗಕ್ಕೆ ಬಂದಿತ್ತು. ನನ್ನ ಹಾಟ್ ಡೆಸ್ಕಿಗೆ 17 ಅಂತ ನಂಬರ್ ಬಿದ್ದಿತ್ತು. ಅಲ್ಲಿ ಕೂತಿದ್ದವನು ಮೆಣಸಿನಕಾಯಿ ಹುಡುಗ. ಪೊಲೀಸ್ ಪರೀಕ್ಷೆಯ ಗೈಡು ಓದುತ್ತಿದ್ದ. ಮಾತಾಡಿಸೋಣ ಅಂತ ಕೈ ಎತ್ತಿದೆ. ಅವನು ತುಟಿ ಮೇಲೆ ಬೆರಳಿಟ್ಟು ಗೋಡೆ ತೋರಿಸಿದ: ‘ಮಾತಾಡಬಾರದು’.

ಮಾಲೀಕರು ಬಾಗಿಲಲ್ಲೇ ಸಿಕ್ಕರು. ಮುಖದಲ್ಲಿ ಮದುವೆಗಳ ಕಾಲದ ಕಳೆ ಬಂದಿತ್ತು. ನನ್ನ 7,000 ರೂಪಾಯಿ ಡಿಪಾಸಿಟ್ ಕೇಳಿದೆ.

‘ಅಡ್ಜಸ್ಟ್ ಮಾಡೋಣ ಬರ್ರಿ’ ಅಂದರು. ‘ರೊಕ್ಕ ಯಾಕ್ರಿ, ಹತ್ತು ತಿಂಗಳ ಸೀಟು ಕೊಡ್ತೀನಿ. ಎಫ್‌ಡಿಎ ಬರೀರಿ.’

‘ನನಗೆ ಐವತ್ತೊಂದು. ವಯಸ್ಸು ಮೀರಿದೆ’ ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

‘ಹಂಗಾದ್ರ ಮೆಂಟರ್ ಆಗ್ರಿ.’