ಹೆಬ್ಬೆಟ್ಟಿಗೆ ಅರಿಶಿನ ಯಾರೋ ಹಚ್ಚಿದ್ರು?

ಹೋದ ವರ್ಷ ನೆಂಟರ ಮನೆ ಗೃಹಪ್ರವೇಶ, ಬಾಗಿಲಲ್ಲಿ ಶೂ ಸಾಕ್ಸ್ ಎಲ್ಲಾ ಬಿಚ್ಚಿ ಪಂಕ್ತೀಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತೆ ನೋಡಿ, ತೊವ್ವೆ ಬಡಿಸ್ತಿದ್ದ ಅತ್ತೆ ಸೌಟು ಹಿಡ್ಕೊಂಡೇ ನಿಂತ್ಬಿಟ್ರು. "ಹೊಸ್ತಿಲಿಗೆ ಹಚ್ಚೋ ಅರಿಶಿನ ನಿನ್ ಹೆಬ್ಬೆಟ್ಟಿಗೆ ಯಾರೋ ಹಚ್ಚಿದ್ರು?" ಇಡೀ ಸಾಲು ಊಟ ಬಿಟ್ಟು ನನ್ನ ಕಾಲು ನೋಡ್ತು. ನಾನೂ ಸರಿಯಾಗಿ ನೋಡಿದ್ದು ಆವತ್ತೇ ಅನ್ನಿ. ಉಗುರು ತುದಿಯಿಂದ ಅರ್ಧದವರೆಗೆ ಹಳದಿ, ದಪ್ಪ, ಅಡೀಲಿ ಹಳೇ ಗೋಡೆ ಸುಣ್ಣದ ಥರ ಪುಡಿಪುಡಿ. "ಪೂಜೇಲಿ ಬಿತ್ತೇನೋ ಅತ್ತೆ" ಅಂತ ತೇಲಿಸಿ ಕಾಲನ್ನ ತೊಡೆ ಕೆಳಗೆ ತುರುಕಿದೆ.

ತಪ್ಪು ನಂದೇ. ಮಳೆಗಾಲ ಪೂರ್ತಿ ಬೈಕಲ್ಲಿ ನೆನೆದ ಸಾಕ್ಸ್‌ನ ಹಾಗೇ ಸಂಜೆವರೆಗೂ ಹಾಕ್ಕೊಂಡಿರೋದು, ಬೆರಳು ಸಂದಿ ಬೆಳ್ಳಗಾಗಿ ಕಡಿತ ಶುರುವಾದ್ರೆ ಮೇಜಿನ ಕೆಳಗೆ ಶೂ ಬಿಚ್ಚಿ ಕೆರ್ಕೊಳ್ಳೋದು. ಅಮ್ಮ "ಕೆಸರುಹುಣ್ಣು ಕಣೋ, ಗೋರಂಟಿ ಹಚ್ಚು" ಅಂದ್ರೂ ಕೇಳದೆ ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ತಂದು ಬಳ್ಕೊಂಡೆ. ಕಡಿತ ನಿಂತ್ಹೋಯ್ತು, ಭಾರಿ ಬುದ್ಧಿವಂತ ನಾನು! ಸ್ಕಿನ್ ಡಾಕ್ಟ್ರು ಆಮೇಲೆ ಟ್ಯೂಬ್ ತಿರುಗಿಸಿ ನೋಡಿ ಹೇಳಿದ್ರು, ಇದ್ರಲ್ಲಿ ಸ್ಟೀರಾಯ್ಡ್ ಇದೆ, ಕಡಿತ ಅಡಗುತ್ತೆ, ಫಂಗಸ್ ಒಳಗೊಳಗೇ ಆರಾಮಾಗಿ ಬೆಳೆಯುತ್ತೆ, ಸಂದೀಲಿದ್ದದ್ದು ಉಗುರಿಗೆ ಶಿಫ್ಟ್ ಆಗಿದೆ ಅಂತ.

ಆ ಡಾಕ್ಟ್ರ ಹತ್ರ ಹೋಗೋ ಹಿಂದಿನ ರಾತ್ರಿ ನಾನು ಮಾಡಿದ ಘನಂದಾರಿ ಕೆಲಸ ಹೇಳ್ಲೇಬೇಕು. ಅವರ ಮುಂದೆ ಮರ್ಯಾದೆ ಇರ್ಲಿ ಅಂತ ಹೆಬ್ಬೆಟ್ಟಿನ ಉಗುರನ್ನ ಬುಡದವರೆಗೂ ಕತ್ತರಿಸಿ, ಪುಡಿ ಎಲ್ಲಾ ಕೆರೆದು, ಬ್ರಷ್ಷಲ್ಲಿ ತಿಕ್ಕಿ ಫಳಫಳ ಮಾಡ್ಕೊಂಡು ಹೋಗಿದ್ದೆ. ಡಾಕ್ಟ್ರು ಕಟರ್ ಹಿಡ್ಕೊಂಡು ಕೂತ್ರು, ಕತ್ತರಿಸೋಕೆ ಏನೂ ಇಲ್ಲ. "ಸ್ಯಾಂಪಲ್ ಎಲ್ರೀ?" ಹಳದಿ ಉಗುರೆಲ್ಲಾ ಫಂಗಸ್ಸೇ ಆಗಿರಲ್ವಂತೆ, ಸೋರಿಯಾಸಿಸ್ ಇರಬಹುದು, ಟೈಟ್ ಶೂ ಒತ್ತಿ ಆಗಿರಬಹುದು, ಅದಕ್ಕೇ ಚೂರು ತೆಗೆದು ಕೆಒಎಚ್ ಅನ್ನೋ ಕ್ಷಾರದ ದ್ರಾವಣದಲ್ಲಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ಬೇಕು. ಬೆಳೆಸ್ಕೊಂಡು ಬನ್ನಿ ಅಂತ ಕಳಿಸಿದ್ರು. ಕಾಲುಗುರು ಬೆಳೆಯೋದು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಸ್ವಾಮಿ, ನಮ್ ಏರಿಯಾ ಫ್ಲೈಓವರೇ ಅದಕ್ಕಿಂತ ಫಾಸ್ಟು.

ಕೊನೆಗೂ ಫಂಗಸ್ ಅಂತಾನೇ ರಿಪೋರ್ಟ್ ಬಂತು. ಟರ್ಬಿನಾಫಿನ್ ಅನ್ನೋ ಫಂಗಸ್ ಮಾತ್ರೆ, 250 ಎಂಜಿ ದಿನಕ್ಕೊಂದು, 12 ವಾರ, ಅದಕ್ಕೂ ಮುಂಚೆ ಲಿವರ್ ಟೆಸ್ಟು. "ಕಾಲುಗುರಿಗೂ ಲಿವರಿಗೂ ಏನ್ರೀ ಸಂಬಂಧ, ಆಫೀಸ್ ಪಾರ್ಟೀಲಿ ನಿಜವಾಗ್ಲೂ ಜ್ಯೂಸೇ ಕುಡಿದ್ರಾ?" ಅಂತ ನಮ್ಮನೆಯವಳು ಒಂದು ವಾರ ಮುಖ ನೋಡಿದ್ದೇ ನೋಡಿದ್ದು. ಮಾತ್ರೆಗೆ ಲಿವರ್ ತಡ್ಕೊಳ್ಳುತ್ತಾ ಅಂತ ನೋಡೋದು ಕಣೇ ಅಂದ್ರೆ ನಂಬ್ಬೇಕಲ್ಲ. ಮಾತ್ರೆ ಮುಗಿದ್ರೂ ಉಗುರು ಹಾಗೇ ಇತ್ತು, ಹಳೇದು ಪೂರ್ತಿ ಹೊರಗೆ ಬೀಳೋಕೆ ಒಂದು, ಒಂದೂವರೆ ವರ್ಷ ಬೇಕಂತೆ. ಈಗ ಬುಡದಲ್ಲಿ ಗುಲಾಬಿ ಬಣ್ಣ ಒಂದಿಷ್ಟು ಕಾಣ್ತಿದೆ.

ಮನೇಲಿ ಕಾನೂನುಗಳು ಬಂದಿವೆ. ಸ್ನಾನ ಆದ್ಮೇಲೆ ಬೆರಳು ಸಂದಿ ಒರೆಸ್ಬೇಕು, ದಿನಾ ಬೇರೆ ಸಾಕ್ಸು, ಶೂ ಬಿಸಿಲಿಗೆ, ನನ್ನ ನೇಲ್ ಕಟರ್ ಯಾರೂ ಮುಟ್ಟಂಗಿಲ್ಲ. ಗುರುತಿಗೆ ಅದಕ್ಕೆ ಕೆಂಪು ದಾರ ಬೇರೆ ಕಟ್ಟಿದ್ದೆ.

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟಿದ್ದೀನಿ, ಅಡುಗೆಮನೇಲಿ ಅಪ್ಪ ಇವಳಿಗೆ ಹೇಳ್ತಿದ್ದಾರೆ, "ಕತ್ತರಿ ಯಾಕಮ್ಮ ಹುಡುಕ್ತೀಯ, ಹಾಲಿನ ಪ್ಯಾಕೆಟ್ ಕಟ್ ಮಾಡೋಕೆ ಆ ಕೆಂಪು ದಾರದ್ದು ಇದ್ಯಲ್ಲ, ಒಂದು ತಿಂಗಳಿಂದ ನಾನು ಅದರಲ್ಲೇ ಮಾಡ್ತಿರೋದು."