ಕೆಂಪು 25, ಕಪ್ಪು 25

ಇಟಲಿಯ ಫ್ಲಾರೆನ್ಸ್‌ಗೆ ಹೋದ ಮೊದಲ್ನೇ ರಾತ್ರಿನೇ ನಾವು ಯಾರದ್ದೋ ಮನೆ ಬಾಗ್ಲಿಗೆ ಊಟಕ್ಕೆ ಅಂತ ಹೋಗಿ ನಿಂತ್ವಿ, ಅವ್ರು ಕರೆದಿರ್ಲಿಲ್ಲ ಅಷ್ಟೇ.

ಆಗಿದ್ದೇನಪ್ಪ ಅಂದ್ರೆ ನಮ್ಮನೆಯವ್ರು ಒಂದು ಸಣ್ಣ ಹೋಟ್ಲಲ್ಲಿ ಟೇಬಲ್ ಬುಕ್ ಮಾಡಿದ್ರು, ಅಡ್ರೆಸ್ಸಲ್ಲಿ 25 ಅಂತಿತ್ತು, ಪಕ್ಕದಲ್ಲಿ ಒಂದು ಪುಟಾಣಿ 'ಆರ್' ಅಕ್ಷರ. "ಆರ್ ಅಂದ್ರೆ ರೋಡ್ ಕಣೇ, ಅಷ್ಟೂ ಗೊತ್ತಾಗಲ್ವಾ?" ಅಂದ್ರು. 25 ಸಿಕ್ತು, ಹಳೇ ಮರದ ಬಾಗ್ಲು. "ರೀ, ಬೋರ್ಡಿಲ್ಲ, ಲೈಟಿಲ್ಲ, ಅಡುಗೆ ವಾಸ್ನೆನೂ ಇಲ್ಲ" ಅಂದೆ. "ಒಳ್ಳೇ ಹೋಟ್ಲಿಗೆ ಬೋರ್ಡ್ ಯಾಕೆ" ಅಂತ ಬೆಲ್ ಒತ್ತೇಬಿಟ್ರು.

ಮೇಲ್ಗಡೆ ಕಿಟಕಿ ತೆಗೀತು, ತಲೆಗೆ ಟವೆಲ್ ಸುತ್ಕೊಂಡಿದ್ದ ಒಬ್ರು ಅಜ್ಜಿ. ಇವ್ರು ಎರಡು ಬೆರಳು ತೋರ್ಸಿ "ಟೇಬಲ್ ಫಾರ್ ಟೂ" ಅಂದ್ರು. ಅಜ್ಜಿ ಕೈ ಬೀಸ್ತಾ "ರೊಸ್ಸೊ! ರೊಸ್ಸೊ!" ಅಂತಾರೆ. ಇವ್ರಿಗೆ ಗೊತ್ತಿದ್ದ ನಾಲ್ಕು ಇಟಾಲಿಯನ್ ಪದದಲ್ಲಿ ಅದೂ ಒಂದು, ನನ್ ಕಡೆ ತಿರುಗಿ "ರೆಡ್ ವೈನ್ ಬೇಕಾ ಅಂತ ಕೇಳ್ತಿದಾರೆ ನೋಡು" ಅಂದು, ಮೇಲ್ಗಡೆ ನೋಡಿ "ನೋ ನೋ, ಓನ್ಲಿ ವಾಟರ್!" ಅಂತ ಕೂಗಿದ್ರು. ಕಿಟಕಿ ಧಡ್ ಅಂತ ಮುಚ್ಕೊಂಡ್ತು. ನೀರು ಮೇಲಿಂದ ಬರ್ಲಿಲ್ಲವಲ್ಲ, ನಮ್ಮ ಪುಣ್ಯ.

ಆಮೇಲೆ ಗೊತ್ತಾಯ್ತು, ಆ ಊರಲ್ಲಿ ಒಂದೇ ಬೀದಿಗೆ ಎರಡೆರಡು ನಂಬರ್ ಸಾಲು, ಮನೆಗಳಿಗೆ ಕಪ್ಪು ಇಲ್ಲಾ ನೀಲಿ, ಅಂಗಡಿ ಹೋಟ್ಲಿಗೆ ಕೆಂಪು. ಆ 'ಆರ್' ಅಂದ್ರೆ ರೊಸ್ಸೊ, ಕೆಂಪು ಅಂತ. ಎರಡೂ ಸಾಲು ತಮ್ಮ ತಮ್ಮ ಪಾಡಿಗೆ ಹೋಗ್ತವೆ, ಹಂಗಾಗಿ ಕಪ್ಪು 25 ಇಲ್ಲಿದ್ರೆ ಕೆಂಪು 25 ಇನ್ನೆಲ್ಲೋ.

ಅಂತೂ ಹೋಟ್ಲು ಸಿಕ್ಕಿ ಕೂತ್ರೆ ಮೊದಲು ಬಂದಿದ್ದು ಬ್ರೆಡ್ಡು, ಬಾಯಿಗಿಟ್ರೆ ಉಪ್ಪೇ ಇಲ್ಲ. ಈ ಊರಿರೋ ಟಸ್ಕನಿ ಪ್ರಾಂತ್ಯದ ಕಡೆ ಬ್ರೆಡ್ಡಿಗೆ ಉಪ್ಪು ಹಾಕೋದೇ ಇಲ್ವಂತೆ. ನಾನು ಬ್ಯಾಗಿಂದ ಚಟ್ನಿಪುಡಿ ಪೊಟ್ಟಣ ಮೆಲ್ಲಗೆ ತೆಗೆದೆ, ಇವ್ರು "ಮಾನ ತೆಗೀಬೇಡ ಕಣೇ" ಅಂತಲೇ ಕೈ ಚಾಚಿದ್ರು. ಆಮೇಲೆ ರಿಬೊಲ್ಲಿತಾ ಅಂತ ಒಂದು ಸೂಪು, ಹಳೇ ಬ್ರೆಡ್ಡು, ಕಾಳು, ಸೊಪ್ಪು ಹಾಕಿ ಕುದ್ಸಿದ್ದು, ಹೆಸರಿನ ಅರ್ಥವೇ 'ಮತ್ತೆ ಕುದ್ಸಿದ್ದು' ಅಂತೆ. ಮನೇಲಿ ನಿನ್ನೆ ಸಾರು ಬಿಸಿ ಮಾಡಿಟ್ರೆ ಮೂತಿ ತಿರುಗ್ಸೋ ಮಹಾನುಭಾವರು ಯೂರೋ ಕೊಟ್ಟು ತಂಗಳು ತಿಂದು "ಆಹಾ, ಏನ್ ರುಚಿ" ಅಂದ್ರು!

ಮಾರನೇ ದಿನ ಪಾಲಾಝೊ ವೆಕ್ಕಿಯೊ ಅನ್ನೋ ಹಳೇ ಅರಮನೆ ಮುಂದಿರೋ ಡೇವಿಡ್ ಪ್ರತಿಮೆ ಜೊತೆ ಮೂವತ್ತು ಸೆಲ್ಫಿ ತಗೊಂಡ್ರು, ಅದು 1910ರಲ್ಲಿ ನಿಲ್ಸಿದ ನಕಲು, ಮೈಕೆಲೇಂಜಲೋ ಕೆತ್ತಿದ್ದು ಅಕಾಡೆಮಿಯಾ ಮ್ಯೂಸಿಯಮ್ಮಲ್ಲಿದೆ ಅಂದ್ರೆ "ಇರ್ಲಿ ಬಿಡು, ಇಲ್ಲಿ ಟಿಕೆಟ್ ಇಲ್ವಲ್ಲ" ಅಂದ್ರು.

ಆಮೇಲೆ ಊರಿನ ದೊಡ್ಡ ಚರ್ಚಿನ ಮೇಲೆ ಬ್ರುನೆಲೆಸ್ಕಿ ಅನ್ನೋರು ಕಟ್ಟಿದ ಗುಮ್ಮಟ. 1436ರಲ್ಲಿ ಮುಗಿದಿದ್ದು, 463 ಮೆಟ್ಲು, ಲಿಫ್ಟ್ ಇಲ್ಲ. "ಶ್ರವಣಬೆಳಗೊಳ ಹತ್ತಿದೋನು ನಾನು" ಅಂತ ಜಂಬ ಬೇರೆ. ಹತ್ತಿದ್ದು ಕಾಲೇಜಲ್ಲಿದ್ದಾಗ, ಅದನ್ನ ಹೇಳ್ಲಿಲ್ಲ. ಗುಮ್ಮಟಕ್ಕೆ ಎರಡು ಪದರ, ಅವೆರಡರ ಸಂದಿಯಲ್ಲೇ ಮೆಟ್ಲು, ಗೋಡೆ ತಲೆ ಮೇಲೆ ವಾಲ್ಕೊಂಡಿರುತ್ತೆ, ಸುಸ್ತಾಯ್ತು ಅಂತ ವಾಪಸ್ ತಿರುಗೋಕೂ ಆಗಲ್ಲ, ಹಿಂದೆ ಜನ. ನಡುವೆ ಒಳಗಡೆ ಬಾಲ್ಕನಿ ಬರುತ್ತೆ, ಅಲ್ಲಿ ವಸಾರಿ ಅನ್ನೋ ಚಿತ್ರಕಾರ ಶುರು ಮಾಡಿದ, ದೇವರು ಎಲ್ರಿಗೂ ಅಂತಿಮ ತೀರ್ಪು ಕೊಡೋ ಚಿತ್ರ, ನರಕದ ಭಾಗ ಕೈಗೆಟುಕೋ ಹಂಗೆ. ದೆವ್ವಗಳು ಪಾಪಿಗಳನ್ನ ಹಿಂಸೆ ಮಾಡ್ತಿರೋದನ್ನ ನೋಡ್ತಾ ಇವ್ರು ಕಂಬಿ ಹಿಡ್ಕೊಂಡು ಏದುಸಿರು ಬಿಡ್ತಾ "ಇವ್ರೆಲ್ಲ ಆರಾಮಾಗೇ ಇದಾರೆ ಕಣೇ" ಅಂದ್ರು.

ಮೇಲೆ ಹೋದ್ಮೇಲೆ ಗಾಳಿ ಬೀಸ್ತು, ಇವ್ರಿಗೆ ಜೀವ ಬಂತು, ಜೊತೆಗೆ ದಾರಿ ತೋರ್ಸೋ ಚಪಲವೂ.

"ನೋಡೇ, ಅಲ್ಲಿ ಕಾಣ್ತಿದೆಯಲ್ಲ, ಅದೇ ನಾವಿರೋ ಜಾಗ."

"ಯಾವ್ದು ರೀ?"

"ಅದೇ ಕಣೇ, ಆ ಕೆಂಪು ಹೆಂಚಿನ ಮನೆ."

ಕೆಳಗೆ ನೋಡ್ದೆ. ಇಡೀ ಊರಿಗೆ ಕೆಂಪು ಹೆಂಚೇ.