ಎಲೆಯಿಲ್ಲದ ಹೊತ್ತಿನ ಮೇಪಲ್

ಅಕ್ಟೋಬರ್ ಬಂತೆಂದರೆ ವರ್ಮಾಂಟಿನ ಕಾಡುದಾರಿಗಳಲ್ಲಿ ಜನಜಾತ್ರೆ. ಶುಗರ್ ಮೇಪಲ್ ಎಲೆಗಳು ಹಳದಿ, ಕಿತ್ತಳೆ, ಕೆಂಪಿಗೆ ತಿರುಗುವುದನ್ನು ನೋಡಲು. ಅಮೆರಿಕದಲ್ಲಿರುವ ನಮ್ಮ ನೆಂಟರಿಷ್ಟರ ಫೋಟೊಗಳಲ್ಲೂ ಆಗ ಅದೇ ಬಣ್ಣ. ಚೆಂದವಿಲ್ಲವೆಂದಲ್ಲ. ಆದರೆ ನನ್ನ ಕೇಳಿದರೆ, ಆ ಮರದ ನಿಜವಾದ ಕಾರುಬಾರು ಮಾರ್ಚ್‌ನಲ್ಲಿ. ಮೈಮೇಲೆ ಒಂದೆಲೆಯಿಲ್ಲದೆ, ಬುಡದಲ್ಲಿ ಹಿಮ ಕರಗಿ ಕೆಸರೆದ್ದು, ಯಾರೂ ಕ್ಯಾಮೆರಾ ಎತ್ತದ ಹೊತ್ತಿನಲ್ಲಿ.

ರಾತ್ರಿ ಹೆಪ್ಪುಗಟ್ಟಬೇಕು, ಹಗಲು ಕರಗಬೇಕು. ಈ ಏರಿಳಿತವಿದ್ದರಷ್ಟೇ ಕಾಂಡದೊಳಗೆ ಒತ್ತಡ ಹುಟ್ಟಿ, ಮೇಪಲ್ ಪಾಕಕ್ಕೆ ಬೇಕಾದ ರಸ ಹರಿಯುತ್ತದೆ. ಒಂದೇ ಸಮನೆ ಚಳಿ ಹಿಡಿದರೂ ಇಲ್ಲ, ಒಂದೇ ಸಮನೆ ಬೆಚ್ಚಗಾದರೂ ಇಲ್ಲ. ಕೆಲವೇ ವಾರಗಳ ಸುಗ್ಗಿ. ಮೊಗ್ಗು ಬಿರಿಯಿತೋ, ರಸದ ರುಚಿ ಕೆಟ್ಟಿತು. ಮರಕ್ಕೆ ಸುಮಾರು 40 ವರ್ಷವಾಗುವವರೆಗೆ ಮುಟ್ಟುವಂತೆಯೂ ಇಲ್ಲ. ಅಜ್ಜ ನೆಟ್ಟದ್ದಕ್ಕೆ ಮೊಮ್ಮಗ ತೂತು ಕೊರೆಯಬೇಕು.

ಆ ತೂತಿಗೆ ಸಿಕ್ಕಿಸಿದ ಕೊಳವೆಯಿಂದ ತೊಟ್ಟಿಕ್ಕುವ ರಸ ನೋಡಲು ತಿಳಿನೀರು, ನಾಲಿಗೆಗೂ ಹೆಚ್ಚುಕಮ್ಮಿ ನೀರೇ. ಸಕ್ಕರೆಯ ಅಂಶ ನೂರಕ್ಕೆ 2ರಷ್ಟು. 40 ಲೀಟರ್ ರಸ ಕುದ್ದು ಇಂಗಿದರೆ ಸಿಗುವುದು 1 ಲೀಟರ್ ಪಾಕ. ಆಲೆಮನೆ ಕಂಡವರಿಗೆ ಆ ಒಲೆ, ಆ ಆವಿ, ಹೊತ್ತು ಮೀರುವವರೆಗಿನ ಕಾವಲು ಹೊಸತೆನಿಸದು. ನೊರೆ ಉಕ್ಕಿ ಬಂದಾಗ ಒಂದು ಚೂರು ಬೆಣ್ಣೆ ಬಿಟ್ಟರೆ ತೆಪ್ಪಗಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಪಾಕವನ್ನು ಇನ್ನಷ್ಟು ಗಟ್ಟಿ ಕಾಯಿಸಿ, ಬಿಸಿಬಿಸಿಯಾಗಿಯೇ ಹಿಮದ ಮೇಲೆ ಹೊಯ್ದು, ಅಂಟಂಟಾಗುತ್ತಲೇ ಕಡ್ಡಿಗೆ ಸುತ್ತಿ ಚೀಪುತ್ತಾರೆ. ಇದೆಲ್ಲ ಯುರೋಪಿನಿಂದ ಬಂದ ವಿದ್ಯೆ ಅಂದುಕೊಳ್ಳಬೇಡಿ. ಅನಿಶಿನಾಬೆಯಂಥ ಮೂಲನಿವಾಸಿಗಳು ಅವರಿಗಿಂತ ಮೊದಲೇ ಈ ಮರದ ಗುಟ್ಟು ಬಲ್ಲವರು.

ಮರವೂ ಗಟ್ಟಿ. ಬ್ಯಾಸ್ಕೆಟ್‌ಬಾಲ್ ಅಂಗಣದ ಹಲಗೆಗಳು ಇದರವೇ. ಆದರೆ ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಮಾತ್ರ ಇದಕ್ಕಾಗದು.

ಜಗತ್ತಿನ ಮೇಪಲ್ ಪಾಕದಲ್ಲಿ ಸಿಂಹಪಾಲು ಕ್ವಿಬೆಕ್‌ನದು. ಅಲ್ಲಿನ ಉತ್ಪಾದಕರು ಹೆಚ್ಚಾದದ್ದನ್ನು ಪೀಪಾಯಿಗಳಲ್ಲಿ ದಾಸ್ತಾನಿಡುತ್ತಾರೆ. 2012ರಲ್ಲಿ ಲೆಕ್ಕ ಹಾಕಲು ಹೋದರೆ ಸುಮಾರು 3,000 ಟನ್ ಮಾಯ! ಕೆಲವು ಪೀಪಾಯಿಗಳೇನೋ ತುಂಬಿಯೇ ಇದ್ದವು. ಮುಚ್ಚಳ ತೆಗೆದರೆ ಒಳಗೆ ನೀರು. ಅಷ್ಟು ಉರಿ ಹಾಕಿ ಆವಿಯಾಗಿಸಿದ್ದ ನೀರನ್ನು ಕಳ್ಳರು ಪುಕ್ಕಟೆ ವಾಪಸು ತುಂಬಿಸಿಟ್ಟು ಹೋಗಿದ್ದರು.